ಹಳೇ ಬಾಗಿಲಿನ ಹಿತ್ತಾಳೆ: ಚಿಲಕ, ಬಳೆ, ಗುಬಟುಗಳಿಗೆ ಮನೆಯಲ್ಲೇ ಮರಳಿ ಮೆರುಗು

ಹಳೇ ಮನೆಗಳ ತಲೆಬಾಗಿಲಿನ ಹಿತ್ತಾಳೆ ಸಾಮಾನು ಬಹುಪಾಲು ಬಣ್ಣದಡಿ ಹೂತು ಹೋಗಿರುತ್ತದೆ. ಕದಕ್ಕೆ ಎನಾಮೆಲ್ ಬಳಿಯುವಾಗ ಚಿಲಕ, ಬಳೆ (ಬಾಗಿಲು ಎಳೆಯುವ ಉಂಗುರ), ಗುಬಟು (ಕದದ ಮೇಲಿನ ಅಲಂಕಾರದ ಉಬ್ಬು) ಬಿಚ್ಚುವ ಗೋಜಿಗೆ ಯಾರೂ ಹೋಗುವುದಿಲ್ಲ. ಅದರ ಮೇಲೆಯೇ ಕುಂಚ ಎಳೆಯುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಹೀಗೇ ನಡೆದರೆ ಸಿಂಹಮುಖದ ಬಳೆ ಯಾವ ಲೋಹದ್ದೆಂದೇ ಗೊತ್ತಾಗುವುದಿಲ್ಲ. ಬಿಚ್ಚಿ, ತೊಳೆದು, ತಿಕ್ಕಿ, ಮತ್ತೆ ಕೂರಿಸಿದರೆ ಅದು ಇನ್ನೂ ಎರಡು ತಲೆಮಾರು ನಡೆಯುತ್ತದೆ. ದೊಡ್ಡ ಯಂತ್ರ ಬೇಕಿಲ್ಲ, ಆದರೆ ಕ್ರಮ ಬೇಕು. ಅವಸರದಲ್ಲಿ ಹಂತ ಹಾರಿಸಿದವರ ಹಿತ್ತಾಳೆ ದೂರದಿಂದ ಫಳಫಳ ಎನ್ನುತ್ತದೆ, ಹತ್ತಿರದಿಂದ ನೋಡಿದರೆ ಮೈತುಂಬ ಗೀರು.

ಮೊದಲು ಅದು ಹಿತ್ತಾಳೆಯೇ ನೋಡಿ

ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಹಿತ್ತಾಳೆ ಲೇಪ. ಅದನ್ನು ಉಜ್ಜಿದರೆ ಲೇಪ ಹೋಗಿ ಬೂದು ಬಣ್ಣ ಕಾಣುತ್ತದೆ, ಮತ್ತೆ ಸರಿಮಾಡಲು ಆಗದು. ಅಂಟದಿದ್ದರೂ ಹಿತ್ತಾಳೆಯೇ ಎನ್ನಲಾಗದು, ಏಕೆಂದರೆ ಸತುವಿನ ಎರಕಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಹಿಂಬದಿಯಲ್ಲಿ, ಕಾಣದ ಕಡೆ, ಅರದಿಂದ ಒಂದು ಸಣ್ಣ ಗೆರೆ ಎಳೆಯಿರಿ. ಒಳಗೂ ಹಳದಿ ಇದ್ದರೆ ಹಿತ್ತಾಳೆ. ಬೆಳ್ಳಗಿದ್ದರೆ ಸತುವಿನ ಎರಕ.

ಅರ ಹಾಕಲು ಮನಸ್ಸಿಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ವಸ್ತುವನ್ನು ತೂಗಿ ಬರೆದುಕೊಳ್ಳಿ. ಆಮೇಲೆ ನೀರು ತುಂಬಿದ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ವಸ್ತುವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಗಲದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಂದರೆ ಆ ವಸ್ತುವಿನ ಗಾತ್ರ, ಘನ ಸೆಂಟಿಮೀಟರಿನಲ್ಲಿ. ತೂಕವನ್ನು ಅದರಿಂದ ಭಾಗಿಸಿ. 340 ಗ್ರಾಂ ಬಳೆ ನೀರಿನಲ್ಲಿ 40 ತೋರಿಸಿದರೆ 8.5. ಹಿತ್ತಾಳೆ ಸಾಮಾನ್ಯವಾಗಿ 8.4ರಿಂದ 8.7ರ ನಡುವೆ ಬರುತ್ತದೆ, ಕಬ್ಬಿಣ 7.8ರ ಆಸುಪಾಸು, ಸತುವಿನ ಎರಕ 6.7, ಅಲ್ಯೂಮಿನಿಯಂ 2.7. ಒಳಗೆ ಟೊಳ್ಳಿದ್ದರೆ ಗಾಳಿ ಗುಳ್ಳೆ ಸಿಕ್ಕಿಕೊಂಡು ಲೆಕ್ಕ ತಪ್ಪುತ್ತದೆ, ಅಲುಗಾಡಿಸಿ ಗುಳ್ಳೆ ಬಿಡಿಸಿ.

ಮುಟ್ಟಬಾರದ ವಸ್ತುಗಳೂ ಇವೆ. ಬೀದರಿನ ಬಿದ್ರಿ ಸಾಮಾನು ಹಿತ್ತಾಳೆಯಲ್ಲ. ಬಹುಪಾಲು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಎರಕ. ಅದರ ಕಪ್ಪು ಕೊಳೆಯಲ್ಲ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ (ಅಮೋನಿಯಂ ಕ್ಲೋರೈಡ್) ಕುಶಲಕರ್ಮಿ ತರಿಸಿದ ಬಣ್ಣ. ಒಮ್ಮೆ ಪಾಲಿಶ್ ಹಾಕಿದರೆ ಹೋಯಿತು. ಪೂಜೆಯಲ್ಲಿರುವ ಹಳೇ ಪಂಚಲೋಹದ ವಿಗ್ರಹಕ್ಕೂ ಮರಳುಕಾಗದ ಹಿಡಿಯಬೇಡಿ.

ಬಿಚ್ಚುವುದು

ಹೆಚ್ಚು ಹಾಳಾಗುವುದು ಇಲ್ಲಿಯೇ. ಮೊದಲು ಹಿತ್ತಾಳೆಯ ಅಂಚಿನ ಸುತ್ತ ಚೂಪು ಚಾಕುವಿನಿಂದ ಬಣ್ಣ ಕೊಯ್ದು ಬಿಡಿಸಿ, ಇಲ್ಲವಾದರೆ ಎತ್ತುವಾಗ ಕದದ ಬಣ್ಣವೂ ಚಕ್ಕೆ ಚಕ್ಕೆಯಾಗಿ ಕಿತ್ತು ಬರುತ್ತದೆ. ಸ್ಕ್ರೂ ತಲೆಯ ಗಾಡಿಯಲ್ಲಿ, ಅಂದರೆ ಸೀಳಿನಲ್ಲಿ, ತುಂಬಿದ ಬಣ್ಣವನ್ನು ಮುರಿದ ಹ್ಯಾಕ್ಸಾ ಬ್ಲೇಡಿನ ತುದಿಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಗಾಡಿಯ ಪೂರ್ತಿ ಅಗಲಕ್ಕೆ ಬಿಗಿಯಾಗಿ ಕೂರಬೇಕು. ಸಣ್ಣದು ಹಾಕಿ ತಿರುಗಿಸಿದರೆ ಮೆತ್ತನೆಯ ಹಿತ್ತಾಳೆ ಗಾಡಿ ಸವೆದು ಬಾಯಿ ಬಿಡುತ್ತದೆ.

ತಿರುಗದಿದ್ದರೆ ಬಲ ಹಾಕಬೇಡಿ. 60 ವಾಟಿನ ಸಾಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಕಾದು ಹಿಗ್ಗಿದ ಸ್ಕ್ರೂ ಆರುವಾಗ ಸಡಿಲಾಗುತ್ತದೆ. ಆಮೇಲೆ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಅನಂತರ ಬಿಚ್ಚುವ ಕಡೆಗೆ ತಿರುಗಿಸಿ. ಗುಬಟುಗಳು ಎಷ್ಟೋ ಕಡೆ ಸ್ಕ್ರೂ ಹಾಕಿದವಲ್ಲ. ಹಿಂದಿನ ಮೊಳೆ ಕದ ದಾಟಿ ಒಳಬದಿಯಲ್ಲಿ ಮಡಿಸಿರುತ್ತದೆ. ಮುಂದಿನಿಂದ ಮೀಟಿದರೆ ಗುಬಟು ನೆಗ್ಗುತ್ತದೆ. ಒಳಬದಿಯ ಮಡಿಕೆ ನೇರ ಮಾಡಿ, ಹಿಂದಿನಿಂದ ಮರದ ತುಂಡಿಟ್ಟು ತಟ್ಟಿ ಹೊರಹಾಕಿ.

ಒಂದು ರಟ್ಟಿನ ಮೇಲೆ ಚಿಲಕದ ಆಕಾರ ಬರೆದು, ಯಾವ ತೂತಿನ ಸ್ಕ್ರೂ ಅಲ್ಲಿಗೇ ಚುಚ್ಚಿಡಿ. ಹಳೇ ಸ್ಕ್ರೂಗಳ ಉದ್ದ ದಪ್ಪ ಒಂದೊಂದು ಥರ, ಅದಲುಬದಲಾದರೆ ತಲೆ ಕೂರುವುದಿಲ್ಲ.

ಬಣ್ಣ ತೆಗೆಯುವುದು, ಕಿಲುಬು ಬಿಡಿಸುವುದು

ಹಳೇ ಎನಾಮೆಲಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಆದ್ದರಿಂದ ಒಣದಾಗಿ ಕೆರೆಯುವುದು, ಬೆಂಕಿ ಹಿಡಿದು ಸುಡುವುದು ಬೇಡ. ಹೊರಗೆ, ಅಡುಗೆಗೆ ಮತ್ತೆ ಬಳಸದ ಸ್ಟೀಲ್ ಪಾತ್ರೆಯಲ್ಲಿ, 3 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಹಾಕಿ ಕಾಯಿಸಿ. ಇದು ಬಟ್ಟೆ ತೊಳೆಯುವ ಸೋಡಾ, ಅಡುಗೆ ಸೋಡಾದಲ್ಲಿ ಈ ಶಕ್ತಿ ಇಲ್ಲ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಸೋಡಾ ಅದನ್ನೇ ತಿನ್ನುತ್ತದೆ. ಸಣ್ಣಗೆ ಕುದಿಯುವಂತೆ 30ರಿಂದ 40 ನಿಮಿಷ ಬಿಟ್ಟರೆ ಬಣ್ಣ ಸುಕ್ಕುಗಟ್ಟಿ, ಹಾಲಿನ ಕೆನೆಯಂತೆ ಎದ್ದು ಬರುತ್ತದೆ. ಬಿದಿರು ಚಕ್ಕೆಯಿಂದ ತಳ್ಳಿದರೆ ಸಾಕು. ಒಂದೇ ಸಲಕ್ಕೆ ಬರದಿದ್ದರೆ ಮತ್ತೆ ಕುದಿಸಿ, ಚಾಕು ಹಾಕಬೇಡಿ. ಹೊಸ ಸಾಮಾನಿನ ಮೇಲಿರುವ ಪಾರದರ್ಶಕ ಲ್ಯಾಕರ್‌ಗೂ ಇದೇ ಉಪಾಯ. ಉಳಿದದ್ದಕ್ಕೆ ಎನ್‌ಸಿ ಥಿನ್ನರ್ (ಲ್ಯಾಕರ್ ಕರಗಿಸುವ ದ್ರವ) ಅಥವಾ ಅಸಿಟೋನ್ ಒರೆಸಿ. ಲ್ಯಾಕರ್ ಇದೆಯೇ ಎಂದು ತಿಳಿಯುವುದು ಹೇಗೆ? ಹುಣಸೆಹಣ್ಣು ಹಚ್ಚಿ. ಎರಡು ನಿಮಿಷದಲ್ಲಿ ಬಣ್ಣ ಬದಲಾಗದಿದ್ದರೆ ಮೇಲೆ ಪದರ ಇದೆ.

ಬಣ್ಣ ಹೋದ ಮೇಲೆ ಕಂದು, ಕಪ್ಪು, ಹಸಿರು ಕಿಲುಬು ಕಾಣುತ್ತದೆ. ಹುಣಸೆಹಣ್ಣು ಉಪ್ಪು ಹಚ್ಚಿ ತಿಕ್ಕುವುದು ನಮ್ಮೆಲ್ಲರ ಮನೆಯ ಪದ್ಧತಿ. ಹುಣಸೆಯ ಟಾರ್ಟಾರಿಕ್ ಆಮ್ಲ ಆಕ್ಸೈಡನ್ನು ಕರಗಿಸುತ್ತದೆ, ಉಪ್ಪು ಅದನ್ನು ಚುರುಕಾಗಿಸುತ್ತದೆ. ದಿನಾ ತೊಳೆಯುವ ದೀಪ, ಚೊಂಬಿಗೆ ಇದು ಚೆನ್ನ. ಆದರೆ ಬಾಗಿಲ ಸಾಮಾನಿಗೆ ಉಪ್ಪು ಬೇಡ. ಗುಂಡಿಗಳಲ್ಲಿ ಕೂತ ಉಪ್ಪಿನ ಕ್ಲೋರೈಡ್ ಎಷ್ಟು ತೊಳೆದರೂ ಪೂರ್ತಿ ಹೋಗದು, ಮಳೆಗಾಲ ಬಂದರೆ ಅದೇ ಜಾಗದಲ್ಲಿ ಹಸಿರು ಪುಡಿಯಾಗಿ ಏಳುತ್ತದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ 1 ಲೀಟರ್ ಬಿಸಿ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು, ಕರಗಿಸಿ 10ರಿಂದ 15 ನಿಮಿಷ ಮುಳುಗಿಸಿ, ನಡುನಡುವೆ ಹಲ್ಲುಜ್ಜುವ ಬ್ರಷ್ ಹಾಕಿ. ತೆಗೆದು, 1 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದ ನೀರಲ್ಲಿ ಅದ್ದಿ, ಧಾರಾಳ ನೀರಲ್ಲಿ ತೊಳೆದು, ತಕ್ಷಣ ಒಣಗಿಸಿ.

ರಾತ್ರಿಯಿಡೀ ನೆನೆಹಾಕುವವರಿದ್ದಾರೆ. ಬೆಳಿಗ್ಗೆ ನೋಡಿದರೆ ಹಿತ್ತಾಳೆ ಗುಲಾಬಿ ಬಣ್ಣ! ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಆಮ್ಲಕ್ಕೆ ಮೊದಲು ಬಲಿಯಾಗುವುದು ಸತು. ಅದು ಕರಗಿ ಹೋಗಿ ಮೇಲ್ಮೈಯಲ್ಲಿ ತಾಮ್ರವಷ್ಟೇ ಉಳಿಯುತ್ತದೆ. ಆಮ್ಲದೊಳಗೆ ಕಬ್ಬಿಣದ ಇಕ್ಕಳ, ಸ್ಕ್ರೂ, ಸ್ಟೀಲ್ ವುಲ್ (ಉಕ್ಕಿನ ನಾರು) ಬಿದ್ದರೂ ಇದೇ ಗತಿ: ನೀರಲ್ಲಿ ಕರಗಿದ ತಾಮ್ರ ಮರಳಿ ಬಂದು ಹಿತ್ತಾಳೆಗೆ ಲೇಪವಾಗಿ ಕೂರುತ್ತದೆ. ಈ ಲೇಪ ತೆಳುವಾದ್ದರಿಂದ ಗಾಬರಿ ಬೇಡ. ಅರ್ಧ ಲೀಟರ್ ಸಿಟ್ರಿಕ್ ನೀರಿಗೆ ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ 50ರಿಂದ 100 ಮಿಲಿ ಸೇರಿಸಿ, ವಸ್ತುವನ್ನು ಎರಡು ಮೂರು ನಿಮಿಷ ಅದ್ದಿ, ಎದುರಲ್ಲೇ ನಿಂತು ನೋಡುತ್ತಿರಿ. ಗುಲಾಬಿ ಹೋಗಿ ಹಳದಿ ಬಂದ ಕೂಡಲೇ ತೆಗೆಯಿರಿ. ಉಳಿದ ದ್ರವವನ್ನು ಮುಚ್ಚಳ ಹಾಕಿ ಇಡಬೇಡಿ, ಅನಿಲ ಬಿಟ್ಟು ಬಾಟಲಿ ಉಬ್ಬುತ್ತದೆ. ಸತು ಆಳಕ್ಕೆ ಹೋಗಿ ಲೋಹ ಸ್ಪಂಜಿನಂತಾಗಿದ್ದರೆ ಮಾತ್ರ ಉಪಾಯವಿಲ್ಲ; ಉಗುರಿನಲ್ಲಿ ಕೆರೆದರೆ ಪುಡಿಯಾಗುವ ಕೀಲನ್ನು ಮತ್ತೆ ಬಾಗಿಲಿಗೆ ಹಾಕಬೇಡಿ.

ಗೀರು ತೆಗೆಯುವುದೇ ನಿಜವಾದ ಕೆಲಸ

ಪಾಲಿಶ್ ಡಬ್ಬಿ ಹೊಳಪು ಕೊಡುತ್ತದೆ ಎಂಬುದು ಅರ್ಧ ಸತ್ಯ. ಮೇಲ್ಮೈ ಎಷ್ಟು ಸಪಾಟೋ ಅಷ್ಟೇ ಹೊಳಪು. ಪಾಲಿಶಿನಲ್ಲಿರುವ ಪುಡಿ ಬಹಳ ನಯ. 320 ನಂಬರಿನ ಮರಳುಕಾಗದ (ನಂಬರ್ ಹೆಚ್ಚಾದಷ್ಟೂ ಕಾಗದ ನಯ) ಬಿಟ್ಟ ಗೀರಿನ ತಳಕ್ಕೆ ಅದು ಇಳಿಯುವುದೇ ಇಲ್ಲ, ಗೀರಿನ ಅಂಚನ್ನಷ್ಟೇ ಮಿನುಗಿಸುತ್ತದೆ.

ಕಪ್ಪು ವಾಟರ್ ಪೇಪರ್, ಅಂದರೆ ನೀರಲ್ಲಿ ನೆನೆಸಿ ಬಳಸುವ ಮರಳುಕಾಗದ, ತೆಗೆದುಕೊಳ್ಳಿ: 320, 400, 600, 800, 1000, 1500. ಅರದ ಗುರುತು, ಆಳದ ಗೀರು ಇದ್ದರೆ ಮಾತ್ರ 220ರಿಂದ ಶುರು. ಪಾತ್ರೆ ತೊಳೆಯುವ ದ್ರಾವಣದ ಎರಡು ಹನಿ ಹಾಕಿದ ನೀರಲ್ಲಿ ಕಾಗದ ನೆನೆಸಿ ಒದ್ದೆಯಾಗಿಯೇ ಉಜ್ಜಿ. ಎರಕದ ಹಿತ್ತಾಳೆಯಲ್ಲೂ ಕೆಲವೊಮ್ಮೆ ಸೀಸ ಸೇರಿರುತ್ತದೆ, ಒದ್ದೆಯಾಗಿದ್ದರೆ ಧೂಳು ಏಳುವುದಿಲ್ಲ. ಸಪಾಟು ಜಾಗಕ್ಕೆ ಕಾಗದವನ್ನು ಮರದ ತುಂಡಿಗೋ ದಪ್ಪ ರಬ್ಬರಿಗೋ ಸುತ್ತಿ. ಬೆರಳಲ್ಲಿ ಒತ್ತಿ ಉಜ್ಜಿದರೆ ಬೆರಳಿದ್ದ ಕಡೆ ತಗ್ಗಾಗುತ್ತದೆ, ಹೊಳಪು ಬಂದ ಮೇಲೆ ಆ ತಗ್ಗು ಅಲೆಯಂತೆ ಎದ್ದು ಕಾಣುತ್ತದೆ.

ಚಿಲಕದ ತಟ್ಟೆಯನ್ನೇ ತೆಗೆದುಕೊಳ್ಳೋಣ. 320ರಲ್ಲಿ ಉದ್ದಕ್ಕೆ ಉಜ್ಜಿ. ತೊಳೆದು ಒರೆಸಿ, ಇಡೀ ಮುಖಕ್ಕೆ ಕಪ್ಪು ಮಾರ್ಕರ್ ಪೆನ್ನಿನಿಂದ ಅಡ್ಡಾದಿಡ್ಡಿ ಗೆರೆ ಎಳೆಯಿರಿ. ಈಗ 400ರಲ್ಲಿ ಅಡ್ಡಕ್ಕೆ ಉಜ್ಜಿ. ಮಸಿ ಉಳಿದ ಕಡೆ ಕಾಗದ ಇನ್ನೂ ಮುಟ್ಟಿಲ್ಲ ಎಂದರ್ಥ. ಮಸಿ ಪೂರ್ತಿ ಹೋದ ಮೇಲೆ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಉದ್ದದ ಗೆರೆ ಒಂದೇ ಒಂದು ಕಂಡರೂ ಮುಂದಿನ ಕಾಗದಕ್ಕೆ ಹೋಗಬೇಡಿ. 400ರಲ್ಲಿ ಎರಡು ನಿಮಿಷ ಕೇಳುವ ಗೀರು 1000ದಲ್ಲಿ ಅರ್ಧ ಗಂಟೆ ಕೇಳುತ್ತದೆ. ಪ್ರತಿ ಹಂತಕ್ಕೂ ದಿಕ್ಕು ಬದಲಿಸಿ, ಪ್ರತಿ ಹಂತಕ್ಕೂ ನೀರು ಬದಲಿಸಿ. ಹಳೇ ನೀರಿನಲ್ಲಿ ಉಳಿದ 320ರ ಒಂದು ಕಣ ಸಾಕು, 1500ರ ಮೈಯಲ್ಲಿ ಉದ್ದನೆಯ ಗೀರು ಬರೆಯಲು. ಇದೇ ಕಾರಣಕ್ಕೆ ಇಟ್ಟಿಗೆ ಪುಡಿ, ರಂಗೋಲಿ ಪುಡಿ ಹಾಕಿ ತಿಕ್ಕುವುದು ಬೇಡ: ಅದರ ಕಣ ಒಂದಳತೆಯದ್ದಲ್ಲ.

ಗುಂಡಿ ಬಿದ್ದ ಕಡೆ ಏನು ಮಾಡುವುದು? ಆಳದ ಗುಂಡಿಯನ್ನು ಹಾಗೇ ಬಿಡಿ ಎಂಬುದೇ ನಮ್ಮ ಸಲಹೆ. ಒಂದು ಗುಂಡಿ ಮುಚ್ಚಲು ಸುತ್ತಲಿನ ಲೋಹವನ್ನೆಲ್ಲ ಇಳಿಸಬೇಕು, ಅಷ್ಟರಲ್ಲಿ ಪಕ್ಕದ ಹೂಬಳ್ಳಿ ಸವೆದು ಮಾಸುತ್ತದೆ. ಕೆತ್ತನೆ, ಸಿಂಹದ ಕೇಸರ, ಮಣಿಸಾಲು ಇರುವಲ್ಲಿ ಮರಳುಕಾಗದ ಹಾಕಲೇಬೇಡಿ. ಒದ್ದೆ ಹಿತ್ತಾಳೆ ತಂತಿಯ ಬ್ರಷ್, ಬಿದಿರು ಕಡ್ಡಿಗೆ ಸುತ್ತಿದ ಬಟ್ಟೆ, ಪಾಲಿಶ್ ಲೇಪ, ಇಷ್ಟೇ. ಕಬ್ಬಿಣದ ತಂತಿ ಬ್ರಷ್ ಗೀರುವುದಲ್ಲದೆ ಕಣ ಬಿಟ್ಟು ಹೋಗುತ್ತದೆ, ಅದೇ ಮುಂದೆ ತುಕ್ಕಿನ ಚುಕ್ಕೆ. ತಗ್ಗಿನ ಕಪ್ಪನ್ನು ಅಲ್ಲಿಯೇ ಬಿಟ್ಟು ಉಬ್ಬನ್ನು ಮಾತ್ರ ಬೆಳಗಿದರೆ ಕೆತ್ತನೆ ಎದ್ದು ಕಾಣುತ್ತದೆ. ಸಿಂಹದ ಕಣ್ಣಿನ ಗೂಡಿನಲ್ಲಿ ಕಪ್ಪಿಲ್ಲದಿದ್ದರೆ ಮುಖವೇ ಸಪ್ಪೆ.

ಬಫಿಂಗ್

ಕೈಯಲ್ಲೇ ಮುಗಿಸುವುದಾದರೆ 1500ರ ನಂತರ ಬ್ರಾಸೋದಂಥ ಪಾಲಿಶ್ ಲೇಪವನ್ನು ಹತ್ತಿ ಬಟ್ಟೆಯಲ್ಲಿ ಹಚ್ಚಿ ತಿಕ್ಕಿ, ಕೊನೆಗೆ ಒಣ ವಿಭೂತಿ ಅಥವಾ ನಯವಾದ ಸೀಮೆಸುಣ್ಣದ ಪುಡಿಯಲ್ಲಿ ಒರೆಸಿ. ವಿಭೂತಿ ಜಿಡ್ಡನ್ನು ಹೀರುತ್ತದೆ, ಕಣವೂ ಮೆತ್ತಗೆ.

ಯಂತ್ರದಲ್ಲಿ ಬಫಿಂಗ್, ಅಂದರೆ ತಿರುಗುವ ಬಟ್ಟೆ ಚಕ್ರದಿಂದ ಹೊಳಪು, ಮಾಡುವುದಾದರೆ 600ಕ್ಕೇ ನಿಲ್ಲಿಸಬಹುದು. 6 ಇಂಚಿನ ಬೆಂಚ್ ಗ್ರೈಂಡರಿಗೆ ಹೊಲಿಗೆ ಹಾಕಿದ ಹತ್ತಿ ಚಕ್ರ ಒಂದು, ಹೊಲಿಗೆಯಿಲ್ಲದ ಮೆತ್ತನೆಯದು ಒಂದು. ಮೊದಲನೆಯದಕ್ಕೆ ಕಂದು ಟ್ರಿಪೊಲಿ ಬತ್ತಿ (ಪಾಲಿಶ್ ಪುಡಿ ಸೇರಿಸಿದ ಮೇಣ), ಎರಡನೆಯದಕ್ಕೆ ಇನ್ನೂ ನಯವಾದ ಕೆಂಪು ರೂಜ್ ಬತ್ತಿ. ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯಂಥ ಹಾರ್ಡ್‌ವೇರ್ ಬೀದಿಗಳಲ್ಲಿ ಬತ್ತಿ, ಚಕ್ರ ಕೇಳಿ ನೋಡಿ. ಚಕ್ರ ಬತ್ತಿಗಳನ್ನು ಎಂದೂ ಬೆರೆಸಬೇಡಿ, ಬೇರೆ ಬೇರೆ ಕವರಿನಲ್ಲಿ ಹೆಸರು ಬರೆದು ಇಡಿ. ಬತ್ತಿಯನ್ನು ತಿರುಗುವ ಚಕ್ರಕ್ಕೆ ಒಂದು ಕ್ಷಣ ತಾಗಿಸಿದರೆ ಸಾಕು, ಹೆಚ್ಚಾದರೆ ಕಪ್ಪು ಮೇಣವಾಗಿ ಲೋಹಕ್ಕೆ ಮೆತ್ತಿಕೊಳ್ಳುತ್ತದೆ.

ವಸ್ತುವನ್ನು ಚಕ್ರದ ನಡುಗೆರೆಗಿಂತ ಕೆಳಗೆ ಹಿಡಿಯಿರಿ, ಮೇಲಂಚನ್ನು ಚಕ್ರಕ್ಕೆ ಎಂದೂ ಕೊಡಬೇಡಿ. ಅಂಚು ಸಿಕ್ಕರೆ ಚಕ್ರ ಅದನ್ನು ಕೈಯಿಂದ ಕಿತ್ತು ಎಸೆಯುತ್ತದೆ. ನಿಮಿಷಕ್ಕೆ 2,800 ಸುತ್ತಿನ 6 ಇಂಚಿನ ಚಕ್ರದ ಅಂಚು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕನ್ನಡಕ, ಮಾಸ್ಕ್ ಬೇಕೇ ಬೇಕು. ಸಡಿಲ ತೋಳು, ದುಪಟ್ಟಾ, ಬಟ್ಟೆಯ ಕೈಗವಸು ಬೇಡ. ಸರಪಳಿಯನ್ನು ಕೈಯಲ್ಲಿ ಹಿಡಿದು ಬಫ್ ಮಾಡಲೇಬಾರದು. ಬೆರಳಿಗೆ ಸುತ್ತಿಕೊಂಡರೆ ಬೆರಳೇ ಹೋಗುತ್ತದೆ. ಸರಪಳಿಯನ್ನು ಕೈಯಲ್ಲೇ ಬೆಳಗಿ.

ಸ್ಕ್ರೂ ತೂತುಗಳ ಮೇಲೆ ಚಕ್ರ ಒಂದೇ ದಿಕ್ಕಿನಲ್ಲಿ ಓಡಿದರೆ ತೂತಿನ ಅಂಚು ಎಳೆದು ಕಣ್ಣೀರ ಹನಿಯಂತಾಗುತ್ತದೆ, ಗುಂಡಿಯ ಹಿಂದೆ ಬಾಲ ಮೂಡುತ್ತದೆ. ತೂತಿಗೆ ಮರದ ಕಡ್ಡಿ ತುಂಬಿ ಸಪಾಟು ಮಾಡಿ, ದಿಕ್ಕು ಬದಲಿಸುತ್ತಾ, ಹಗುರವಾಗಿ ಒತ್ತಿ. ಮುಗಿದ ಕೂಡಲೇ, ಲೋಹ ಬೆಚ್ಚಗಿರುವಾಗಲೇ, ಸೋಪಿನ ಬಿಸಿ ನೀರಲ್ಲಿ ಮೇಣ ತೊಳೆಯಿರಿ. ನಾಳೆ ನೋಡೋಣ ಎಂದು ಬಿಟ್ಟರೆ ಅದು ಗಟ್ಟಿಯಾಗಿ ಕೆತ್ತನೆಯೊಳಗೆ ಕೂತುಬಿಡುತ್ತದೆ.

ಹಳೆಯ ಬಣ್ಣವೇ ಬೇಕೆಂದರೆ

ಹೊಸ ಚಿನ್ನದಂತೆ ಹೊಳೆಯುವ ಚಿಲಕ ನೂರು ವರ್ಷದ ಹಲಸಿನ ಕದಕ್ಕೆ ಒಪ್ಪದಿರಬಹುದು. ಒಂದೇ ಹೊಸ ಬಿಡಿಭಾಗವನ್ನು ಹಳೆಯವುಗಳ ಜೊತೆ ಹೊಂದಿಸಬೇಕಾದಾಗಲೂ ಕಂದು ಬಣ್ಣ ಬೇಕಾಗುತ್ತದೆ. ಬೆಳ್ಳಿ ತಾಮ್ರಗಳನ್ನು ಚೆನ್ನಾಗಿ ಕಪ್ಪಾಗಿಸುವ ಗಂಧಕದ ದ್ರಾವಣ ಹಿತ್ತಾಳೆಗೆ ಸರಿಯಾಗಿ ಹತ್ತುವುದಿಲ್ಲ. ಅಮೋನಿಯಾ ಹೊಗೆ ಸುಲಭ. ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿನ ತಳದಲ್ಲಿ ಸಣ್ಣ ಬಟ್ಟಲಲ್ಲಿ 50 ಮಿಲಿ ಅಮೋನಿಯಾ ದ್ರಾವಣ ಇಟ್ಟು, ಅಸಿಟೋನಿನಲ್ಲಿ ಒರೆಸಿದ ವಸ್ತುವನ್ನು ಹತ್ತಿ ದಾರದಲ್ಲಿ ಮೇಲೆ ತೂಗುಹಾಕಿ ಮುಚ್ಚಿ. ನಾಲ್ಕು ಗಂಟೆಗೊಮ್ಮೆ ನೋಡಿ. ಹೆಚ್ಚೆಂದರೆ ಒಂದು ರಾತ್ರಿ. ಬೆರಳು ತಾಗಿದ ಜಾಗ ಬಣ್ಣ ಹಿಡಿಯದೆ ಬೆರಳಚ್ಚಾಗಿ ಉಳಿಯುತ್ತದೆ. ಬಯಲಲ್ಲಿ ತೆರೆಯಿರಿ, ಮುಖ ಹತ್ತಿರ ಒಯ್ಯಬೇಡಿ, ಬ್ಲೀಚಿಂಗ್ ದ್ರಾವಣದ ಹತ್ತಿರ ಇಡಬೇಡಿ.

ಇದು ಎರಕದ ಭಾಗಗಳಿಗೆ ಮಾತ್ರ. ತಗಡನ್ನು ಬಡಿದು, ಬಗ್ಗಿಸಿ ಮಾಡಿದ ಹಿತ್ತಾಳೆಯ ಒಳಗೆ ಬಿಗಿತ ಉಳಿದಿರುತ್ತದೆ. ಅಂಥದ್ದಕ್ಕೆ ಅಮೋನಿಯಾ ತಗುಲಿದರೆ ಯಾರೂ ಮುಟ್ಟದೆಯೇ ಬಿರುಕು ಬಿಡುತ್ತದೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಕುದುರೆ ಲಾಯದ ಬಳಿ ಇಟ್ಟಾಗ ಹೀಗೇ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ ಇದಕ್ಕೆ ಕಾರಣವೆಂದು ವಿವರಣೆ ಸಿಕ್ಕಿದ್ದು 1921ರಲ್ಲಿ.

ಬಣ್ಣ ಬಂದ ಮೇಲೆ ತೊಳೆದು ಒಣಗಿಸಿ, ಕೈ ತಗಲುವ ಉಬ್ಬುಗಳನ್ನಷ್ಟೇ 1500ರ ಕಾಗದದಿಂದ ಹಗುರವಾಗಿ ಸವರಿ. ನಿಜವಾದ ಹಳೇ ಬಳೆ ಹಾಗೇ ಸವೆದಿರುತ್ತದೆ: ಹಿಡಿಯುವ ಜಾಗ ಹಳದಿ, ಮೂಲೆ ಕಂದು.

ಕಾಪಾಡುವುದು: ಲ್ಯಾಕರೋ ಮೇಣವೋ

ದಿನಾ ಕೈ ಹಿಡಿಯುವ ಬಳೆ, ಚಿಲಕದ ಹಿಡಿಗೆ ಲ್ಯಾಕರ್ ಬೇಡ. ಕೈ ತಗುಲುವ ಕಡೆ ಪದರ ಸವೆದು, ಬರಿದಾದ ಜಾಗ ಕಪ್ಪಾಗಿ, ಉಳಿದದ್ದು ಹೊಳೆಯುತ್ತಾ ಚರ್ಮರೋಗದಂತೆ ಕಾಣುತ್ತದೆ. ಉರಿಯುವ ದೀಪಕ್ಕೂ ಬೇಡ, ಬಿಸಿಗೆ ಕಂದುತ್ತದೆ. ಇವಕ್ಕೆ ಮೇಣ ಸರಿ: 20 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟ ಬಟ್ಟಲಲ್ಲಿ ಕರಗಿಸಿ, ಒಲೆ ಪೂರ್ತಿ ಆರಿಸಿದ ಮೇಲೆ 60 ಮಿಲಿ ಟರ್ಪೆಂಟೈನ್ ಬೆರೆಸಿ. ಬೆಚ್ಚಗಿನ ಹಿತ್ತಾಳೆಗೆ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಒಣ ಬಟ್ಟೆಯಲ್ಲಿ ಉಜ್ಜಿ. ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ.

ಗುಬಟು, ನಾಮಫಲಕ, ಎತ್ತರದ ಪಟ್ಟಿಗಳಂಥ ಕೈ ಮುಟ್ಟದ ಭಾಗಗಳಿಗೆ ಪಾರದರ್ಶಕ ಅಕ್ರಿಲಿಕ್ ಲ್ಯಾಕರ್ ಒಳ್ಳೆಯದು. ಉಡುಪಿ, ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಬರೀ ಹಿತ್ತಾಳೆ ವಾರಗಳಲ್ಲೇ ಮಂಕಾಗುತ್ತದೆ, ಅಲ್ಲಿ ಇದು ಬೇಕೇ ಬೇಕು. ಪಾಲಿಶ್ ಆದ ದಿನವೇ ಸಿಂಪಡಿಸಿ. ಅಸಿಟೋನಿನಲ್ಲಿ ಎರಡು ಸಲ, ಪ್ರತಿ ಸಲ ಹೊಸ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಒಂದು ಅಡಿಗಿಂತ ಸ್ವಲ್ಪ ಹತ್ತಿರದಿಂದ, ಹತ್ತು ಹದಿನೈದು ನಿಮಿಷದ ಅಂತರದಲ್ಲಿ ಮೂರು ತೆಳು ಪದರ. ದಪ್ಪನೆಯ ಒಂದು ಪದರ ಸೋರುತ್ತದೆ.

ಮಳೆಗಾಲದಲ್ಲಿ ಸಿಂಪಡಿಸಿದರೆ ಹಾಲಿನಂತೆ ಬಿಳಿ ಮಂಜು ಕವಿಯುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಂಪಾಗಿ ಗಾಳಿಯ ತೇವ ಅಲ್ಲಿ ಕೂರುವುದೇ ಇದಕ್ಕೆ ಕಾರಣ. ವಸ್ತುವನ್ನು ಹೇರ್ ಡ್ರೈಯರಿನಿಂದ ಕೈಗೆ ಬೆಚ್ಚಗೆ ಹತ್ತುವಷ್ಟು, ಸುಮಾರು 40 ಡಿಗ್ರಿ, ಕಾಯಿಸಿ ಸಿಂಪಡಿಸಿದರೆ ಇದು ತಪ್ಪುತ್ತದೆ. ಇನ್ನೂ ಒಳ್ಳೆಯದೆಂದರೆ ಬಿಸಿಲು ಬಿದ್ದ ದಿನಕ್ಕೆ ಕಾಯುವುದು. ವರ್ಷ ಕಳೆದ ಮೇಲೆ ಪದರದ ಕೆಳಗೆ ಕಪ್ಪು ಎಳೆಗಳು ಹರಿದಾಡಿದರೆ ಒಳಗೆ ಬೆವರೋ ಉಪ್ಪೋ ಉಳಿದಿತ್ತು ಎಂದು ತಿಳಿಯಿರಿ. ಅದಕ್ಕೆ ತೇಪೆ ಹಾಕಲಾಗದು, ಪೂರ್ತಿ ತೆಗೆದು ಮತ್ತೆ ಮೊದಲಿನಿಂದ.

ಮರಳಿ ಕೂರಿಸುವುದು

ಹಳೇ ತೂತು ಸಡಿಲವಾಗಿದ್ದರೆ ಬಿದಿರಿನ ಸಿಬಿರಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಂದು ದಿನ ಬಿಟ್ಟು, ಹೊಸದಾಗಿ ಕೊರೆಯಿರಿ. ಕೊರೆಯುವ ತೂತು ಸ್ಕ್ರೂವಿನ ಹಲ್ಲು ಬಿಟ್ಟು ಒಳದಿಂಡಿನಷ್ಟು ಅಗಲವಿರಲಿ. ತೇಗ, ಹಲಸಿನಂಥ ಗಟ್ಟಿ ಮರಕ್ಕೆ ಹಿತ್ತಾಳೆ ಸ್ಕ್ರೂ ನೇರ ಹಾಕಿದರೆ ಕುತ್ತಿಗೆಯಲ್ಲಿ ತುಂಡಾಗಿ, ಅರ್ಧ ಮರದೊಳಗೇ ಉಳಿಯುತ್ತದೆ. ಅದೇ ಅಳತೆಯ ಕಬ್ಬಿಣದ ಸ್ಕ್ರೂವನ್ನು ಮೊದಲು ಪೂರ್ತಿ ಬಿಗಿದು ಬಿಚ್ಚಿ, ದಾರಿಯಾದ ಮೇಲೆ ಹಿತ್ತಾಳೆಯದಕ್ಕೆ ಮೇಣ ಸವರಿ ಕೈಯಲ್ಲೇ ತಿರುಗಿಸಿ, ಡ್ರಿಲ್ ಬೇಡ. ಕಬ್ಬಿಣದ ಸ್ಕ್ರೂವನ್ನೇ ಬಿಟ್ಟುಬಿಟ್ಟರೆ ಮಳೆಗೆ ತೋಯುವ ಬಾಗಿಲಿನಲ್ಲಿ ಅದು ಹಿತ್ತಾಳೆಯ ಸಂಗದಿಂದಲೇ ಬೇಗ ತುಕ್ಕು ಹಿಡಿದು, ಹೊಸದಾಗಿ ಬೆಳಗಿದ ತಟ್ಟೆಯ ಮೇಲೆ ಕೆಂಪು ಗೆರೆ ಇಳಿಸುತ್ತದೆ. ಎಲ್ಲ ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಹಾಕಿ, ಅಗಳಿ ಸರಾಗ ಜಾರುತ್ತದೆಯೇ ನೋಡಿ, ಆಮೇಲೆ ಒಂದೊಂದಾಗಿ ಬಿಗಿಯಿರಿ.